ಟಿಣ್, ಗಲಗಲ, ಸರಸರ: ಒಂದು ಕೀಲಿಮಣೆಯ ಸದ್ದಿನ ಬೆನ್ನು ಹತ್ತಿ

ಆ ಕೀಲಿಮಣೆಯನ್ನು ಮೊದಲ ಸಲ ಬಳಸಿದ ದಿನ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡದ್ದು ಎರಡೇ ಪದ: ‘ಸದ್ದು ಸರಿಯಿಲ್ಲ’. ಯಾವ ಕೀಲಿಯ ಸದ್ದು, ಒತ್ತುವಾಗಿನದೋ ಬಿಡುವಾಗಿನದೋ, ಲೋಹದ್ದೋ ಪ್ಲಾಸ್ಟಿಕ್ಕಿನದೋ ಎಂಬುದೊಂದೂ ಅದರಲ್ಲಿ ಇರಲಿಲ್ಲ. ಮುಂದಿನ ಐದು ತಿಂಗಳು ನಾನು ಮಾಡಿದ್ದೆಲ್ಲ ಆ ಎರಡು ಪದಗಳನ್ನು ಬಿಡಿಸಿ ಬರೆಯುವ ಪ್ರಯತ್ನವೇ. ಸ್ಕ್ರೂ ಬಿಚ್ಚಿ ಮತ್ತೆ ಕಟ್ಟುವುದು ಅದರಲ್ಲಿ ಸುಲಭದ ಭಾಗವಾಗಿತ್ತು.

ಅದು 68 ಕೀಲಿಗಳ ಸಣ್ಣ ಮೆಕ್ಯಾನಿಕಲ್ ಕೀಲಿಮಣೆ. ಅಲ್ಯೂಮಿನಿಯಂ ಪ್ಲೇಟು, ಪ್ಲಾಸ್ಟಿಕ್ ಕೇಸು, ಬೆಸುಗೆ ಬಿಚ್ಚುವ ಗೋಜಿಲ್ಲದೆ ಸ್ವಿಚ್ಚುಗಳನ್ನು ಕಿತ್ತು ಬದಲಿಸಬಹುದಾದ ಹಾಟ್‌ಸ್ವ್ಯಾಪ್ ಪಿಸಿಬಿ, ಅಂದರೆ ಸ್ವಿಚ್ಚುಗಳು ಕೂರುವ ವಿದ್ಯುತ್ ಮಂಡಲದ ಹಲಗೆ. ಸಾಮಾನ್ಯ ಕೀಲಿಮಣೆಯಲ್ಲಿ ಎಲ್ಲ ಕೀಲಿಗಳ ಅಡಿಯಲ್ಲೂ ಒಂದೇ ರಬ್ಬರಿನ ಹಾಳೆ ಹಾಸಿರುತ್ತದೆ. ಇಲ್ಲಿ ಪ್ರತಿಯೊಂದು ಕೀಲಿಗೂ ಅದರದೇ ಆದ ಸ್ವಿಚ್ಚು, ಸ್ವಿಚ್ಚಿಗೆ ಅದರದೇ ಆದ ಸ್ಪ್ರಿಂಗು. ಚೆರ್ರಿ ಕಂಪನಿ 1980ರ ದಶಕದಲ್ಲಿ ರೂಪಿಸಿದ ಎಂಎಕ್ಸ್ ಸ್ವಿಚ್ಚಿನ ವಿನ್ಯಾಸವೇ ಇಂದಿಗೂ ಬಹುಪಾಲು ಸ್ವಿಚ್ಚುಗಳಿಗೆ ಮೂಲ. ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ತಯಾರಕರು ಅದೇ ಅಳತೆಯಲ್ಲಿ ಅಸಂಖ್ಯ ಬಗೆಯ ಸ್ವಿಚ್ಚುಗಳನ್ನು ಮಾಡತೊಡಗಿದರು. ಈ ಹವ್ಯಾಸ ಇಷ್ಟು ಬೆಳೆಯಲು ಅದೂ ಒಂದು ಕಾರಣ. ಒಂದು ಸ್ವಿಚ್ಚನ್ನು ಬಿಚ್ಚಿದರೆ ಮೇಲಿನ ಮುಚ್ಚಳ, ಕೆಳಗಿನ ಗೂಡು, ನಡುವೆ ಮೇಲೆ ಕೆಳಗೆ ಜಾರುವ ಸ್ಟೆಮ್ಮು, ಅದರಡಿಯ ಸ್ಪ್ರಿಂಗು, ಪಕ್ಕದಲ್ಲಿ ತೆಳುವಾದ ತಾಮ್ರಬಣ್ಣದ ಒಂದು ಲೋಹದ ಎಲೆ, ಇಷ್ಟೇ ಸಿಗುತ್ತದೆ. ಕೀಲಿ ಸುಮ್ಮನಿರುವಾಗ ಸ್ಟೆಮ್ಮಿನ ಕಾಲುಗಳು ಆ ಎಲೆಯನ್ನು ದೂರಕ್ಕೆ ತಳ್ಳಿ ಹಿಡಿದಿರುತ್ತವೆ. ಒತ್ತಿದಾಗ ಕಾಲು ಸರಿದು ಎಲೆ ಎದುರಿನ ಲೋಹಕ್ಕೆ ತಾಗುತ್ತದೆ, ಅಕ್ಷರ ಮೂಡುತ್ತದೆ. ಒಟ್ಟು ಚಲನೆ ಸುಮಾರು 4 ಮಿಲಿಮೀಟರ್. ಅಕ್ಷರ ಮೂಡುವುದು ಅದರ ಅರ್ಧದಲ್ಲಿ, ಅಂದರೆ 2 ಮಿಲಿಮೀಟರಿನ ಆಸುಪಾಸಿನಲ್ಲಿ. ನನ್ನವು ಲೀನಿಯರ್ ಸ್ವಿಚ್ಚುಗಳಾದ್ದರಿಂದ ಆ ದಾರಿಯಲ್ಲಿ ಬೆರಳಿಗೆ ತಾಗುವ ಉಬ್ಬಾಗಲಿ ಕ್ಲಿಕ್ ಎನ್ನುವ ಸದ್ದಾಗಲಿ ಇರಬಾರದಿತ್ತು. ಇದ್ದದ್ದು ಬೇರೆ ಸದ್ದುಗಳು.

ಇಂಗ್ಲಿಷಿನಲ್ಲಿ ಈ ಹವ್ಯಾಸಿಗಳು ಸದ್ದನ್ನು ‘ಥಾಕ್’, ‘ಕ್ಲ್ಯಾಕ್’ ಎಂದು ಎರಡು ಗೂಡಿಗೆ ಹಾಕುತ್ತಾರೆ. ನಾನೂ ಮೊದಮೊದಲು ಅದನ್ನೇ ಬರೆದುಕೊಂಡೆ, ಆದರೆ ಮರುದಿನ ಓದಿದಾಗ ಯಾವುದು ಯಾವುದೆಂದು ನನಗೇ ನೆನಪಾಗುತ್ತಿರಲಿಲ್ಲ. ಒಂದು ಸಂಜೆ ಬೇಸತ್ತು, ಕಿವಿಗೆ ಬಿದ್ದದ್ದನ್ನು ಬಿದ್ದಂತೆಯೇ ಬರೆಯತೊಡಗಿದೆ. ಎಂಟರ್: ‘ಟಿಣ್’. ಸ್ಪೇಸ್ ಬಾರ್: ‘ಗಲಗಲ’, ಬಿಡುವಾಗ ‘ಡಬ್’. ಅಕ್ಷರದ ಕೀಲಿಗಳನ್ನು ನಿಧಾನವಾಗಿ ಒತ್ತಿದರೆ ‘ಸರಸರ’, ಜೋರಾಗಿ ಒತ್ತಿದರೆ ‘ಟಕ್’, ಅದರ ಹಿಂದೆ ಪೊಳ್ಳು ಡಬ್ಬಿಯ ಒಂದು ಮೊಳಗು. ಅನುಕರಣ ಪದಗಳಿಗೆ ನಮ್ಮ ಭಾಷೆಯಲ್ಲಿ ಬರವಿಲ್ಲ. ಟಿಕ್, ಟಕ್, ಟೊಕ್, ಠಣ್, ಡಬ್ ಎಂದಾಗ ಪ್ರತಿಯೊಂದೂ ಬೇರೆ ವಸ್ತು ಬೇರೆ ವಸ್ತುವಿಗೆ ತಾಗಿದ್ದನ್ನು ಹೇಳುತ್ತದೆ. ಈ ಪಟ್ಟಿ ಬರೆದು ಮುಗಿಸಿದಾಗಲೇ ನನ್ನ ‘ಸದ್ದು ಸರಿಯಿಲ್ಲ’ ಎಂಬುದು ಒಂದು ದೂರಲ್ಲ, ಐದು ದೂರು ಎಂಬುದು ಗೊತ್ತಾದದ್ದು.

ಮೊದಲು ಕೈ ಹಾಕಿದ್ದು ಸರಸರಕ್ಕೆ. ಅದು ಪ್ಲಾಸ್ಟಿಕ್ ಸ್ಟೆಮ್ಮು ಪ್ಲಾಸ್ಟಿಕ್ ಹಳಿಯ ಮೇಲೆ ಉಜ್ಜುವ ಸದ್ದು, ಮದ್ದು ಲ್ಯೂಬ್. ಕೀಲೆಣ್ಣೆ ಎಂಬ ಹಳೆಯ ಪದ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಲೀನಿಯರ್ ಸ್ವಿಚ್ಚುಗಳಿಗೆ ಹೆಚ್ಚಿನವರು ಬಳಸುವ ಕ್ರೈಟಾಕ್ಸ್ 205ಜಿ0 ಎಂಬ ಬಿಳಿ ಗ್ರೀಸನ್ನೂ, ಸ್ಪ್ರಿಂಗುಗಳಿಗೆ ಅದೇ ಬ್ರ್ಯಾಂಡಿನ 105 ಎಂಬ ತೆಳು ಎಣ್ಣೆಯನ್ನೂ ತರಿಸಿದೆ. ಸ್ಪ್ರಿಂಗುಗಳ ಕೆಲಸ ನಿಮಿಷಗಳದ್ದು: ಎಲ್ಲವನ್ನೂ ಒಂದು ಜಿಪ್ ಚೀಲಕ್ಕೆ ಹಾಕಿ, ಕೆಲವು ಹನಿ ಎಣ್ಣೆ ಬಿಟ್ಟು, ಗಾಳಿ ತುಂಬಿ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿದರಾಯಿತು. ಸ್ವಿಚ್ಚುಗಳದ್ದು ಹಾಗಲ್ಲ. ಪ್ರತಿಯೊಂದರ ಮುಚ್ಚಳ ತೆಗೆದು, ಸ್ಟೆಮ್ಮನ್ನು ನಾಲ್ಕು ಉಗುರುಗಳ ಹಿಡಿಕೆಯಲ್ಲಿ ಹಿಡಿದು, ಅದರ ನಾಲ್ಕು ಬದಿಗೂ ಕೆಳಗೂಡಿನ ಎರಡು ಹಳಿಗಳಿಗೂ ಸಣ್ಣ ಕುಂಚದಿಂದ ಗ್ರೀಸು ಸವರಿ, ಲೋಹದ ಎಲೆ ಇನ್ನೊಂದು ಲೋಹಕ್ಕೆ ತಾಗುವ ಜಾಗಕ್ಕೆ ಮಾತ್ರ ಒಂದು ಚೂರೂ ಹತ್ತದಂತೆ ನೋಡಿಕೊಂಡು, ಮತ್ತೆ ಜೋಡಿಸಬೇಕು. ಒಂದಕ್ಕೆ ಎರಡು ಮೂರು ನಿಮಿಷ. 68ಕ್ಕೆ ಎರಡು ಸಂಜೆ.

ಆ ಎರಡು ಸಂಜೆಗಳಲ್ಲಿ ಮೊದಲನೆಯದು ಪೂರ್ತಿ ವ್ಯರ್ಥವಾಯಿತು. ಗ್ರೀಸು ಕಾಣುವಷ್ಟು ಹಚ್ಚಿದ್ದೆ. ಕಾಣದಿದ್ದರೆ ಹಚ್ಚಿದ್ದು ಸಾಲದೇನೋ ಎಂಬ ಅನುಮಾನ. ಜೋಡಿಸಿ ಒತ್ತಿದಾಗ ಸರಸರ ಹೋಗಿತ್ತು, ಜೊತೆಗೆ ಕೀಲಿಯ ಜೀವವೂ ಹೋಗಿತ್ತು. ಒತ್ತಿದ ಸ್ಟೆಮ್ಮು ಬೆರಳನ್ನು ಹಿಂಬಾಲಿಸಿ ಮೇಲೇಳುವ ಬದಲು ಕೆಸರಿನಿಂದ ಕಾಲು ಕಿತ್ತುಕೊಂಡು ಬಂದಂತೆ ಏಳುತ್ತಿತ್ತು. ಮಾಡಿದ 30 ಸ್ವಿಚ್ಚುಗಳನ್ನೂ ಮತ್ತೆ ಬಿಚ್ಚಿ, ಒರೆಸಿ, ಎರಡನೆಯ ಸಂಜೆ ಬೇರೆ ರೀತಿಯಲ್ಲಿ ಹಚ್ಚಿದೆ: ಕುಂಚವನ್ನು ಅದ್ದಿದ ಮೇಲೆ ಡಬ್ಬಿಯ ಅಂಚಿಗೆ ಒರೆಸಿ, ಅದರಲ್ಲಿ ಉಳಿದಿರುವುದಷ್ಟನ್ನೇ ಸವರುವುದು. ಬೆಳಕಿಗೆ ಹಿಡಿದಾಗ ಪ್ಲಾಸ್ಟಿಕ್ಕಿನ ಮೇಲೆ ಒದ್ದೆಯ ಹೊಳಪು ಕಾಣಬೇಕು, ಬಿಳಿ ಕಾಣಬಾರದು. ಈ ಒಂದು ಗುರುತು ತಿಳಿದ ಮೇಲೆ ಕೈ ತಪ್ಪಲಿಲ್ಲ.

ಇಲ್ಲಿಯವರೆಗೆ ನಾನು ಮಾಡಿದ್ದು ಉಳಿದವರೂ ಮಾಡುವುದೇ. ನನ್ನ ಅಂದಾಜುಗಳ ಮೇಲೆ ನನಗೇ ಅನುಮಾನ ಹುಟ್ಟಿದ್ದು ತಂಗಿಯಿಂದ. ಸ್ವಿಚ್ಚುಗಳ ಮುಚ್ಚಳಕ್ಕೂ ಗೂಡಿಗೂ ನಡುವೆ ‘ಫಿಲ್ಮ್’ ಎಂಬ ಕೂದಲೆಳೆಯ ದಪ್ಪದ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಇಡುವ ಕ್ರಮವೊಂದಿದೆ. ಮುಚ್ಚಳ ಸಡಿಲವಿದ್ದರೆ ಅದು ಬಿಗಿಯಾಗುತ್ತದೆ, ಸದ್ದು ದಪ್ಪವಾಗುತ್ತದೆ ಎಂಬುದು ನಂಬಿಕೆ. ನಾನು ಹತ್ತು ಸ್ವಿಚ್ಚುಗಳಿಗೆ ಫಿಲ್ಮ್ ಹಾಕಿ, ವ್ಯತ್ಯಾಸ ಸ್ಪಷ್ಟವಾಗಿದೆ ಎಂದು ಬರೆದುಕೊಂಡು, ಅದನ್ನು ಅವಳಿಗೂ ಒತ್ತಿ ತೋರಿಸಿದೆ. ಅವಳಿಗೆ ಏನೂ ಕೇಳಿಸಲಿಲ್ಲ. “ಹಾಗಾದರೆ ನಾನು ಅದಲುಬದಲು ಮಾಡಿ ಇಡ್ತೀನಿ, ನೀನು ಹೇಳು” ಎಂದಳು. ಲ್ಯೂಬ್ ಇಲ್ಲದವು ಎರಡು, ತೆಳುವಾಗಿ ಹಚ್ಚಿದವು ಎರಡು, ಹಚ್ಚಿ ಫಿಲ್ಮ್ ಹಾಕಿದವು ಎರಡು, ಹೀಗೆ ಆರು ಸ್ವಿಚ್ಚುಗಳನ್ನು ಒಂದೇ ಸಾಲಿನಲ್ಲಿ ತನಗೆ ತೋಚಿದಂತೆ ಜೋಡಿಸಿ, ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಮಡಚಿಟ್ಟುಕೊಂಡಳು. ಮೊದಲ ಸುತ್ತಿನಲ್ಲಿ ಆರರಲ್ಲಿ ಐದನ್ನು ಸರಿಯಾಗಿ ಹೇಳಿದೆ. ಅವಳು ಚೀಟಿ ತೋರಿಸದೆ ನನ್ನನ್ನೇ ನೋಡಿದಳು.

“ಅಣ್ಣಾ, ನೀನು ಸದ್ದು ಕೇಳಿ ಹೇಳ್ತಿದ್ದೀಯೋ, ನನ್ನ ಮುಖ ನೋಡಿ ಹೇಳ್ತಿದ್ದೀಯೋ?”

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೂ ನಾಲ್ಕು ಸುತ್ತು ಆಡಿದೆವು. ಲ್ಯೂಬ್ ಇಲ್ಲದ ಎರಡನ್ನು ಪ್ರತಿ ಸಲವೂ ಗುರುತಿಸಿದೆ. ಅದಕ್ಕೆ ಕಿವಿ ಬೇಕಾಗಿರಲಿಲ್ಲ, ಬೆರಳೇ ಹೇಳುತ್ತಿತ್ತು. ಫಿಲ್ಮ್ ಇದ್ದವು ಯಾವುವು, ಇಲ್ಲದವು ಯಾವುವು ಎಂಬುದರಲ್ಲಿ ಮಾತ್ರ ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. ನನ್ನ ಸ್ವಿಚ್ಚುಗಳ ಮುಚ್ಚಳ ಮೊದಲೇ ಬಿಗಿಯಾಗಿತ್ತು, ಫಿಲ್ಮಿಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಸಡಿಲ ಮುಚ್ಚಳದ ಸ್ವಿಚ್ಚುಗಳಲ್ಲಿ ಅದು ಉಪಯೋಗಕ್ಕೆ ಬರಬಹುದು; ಮುಚ್ಚಳವನ್ನು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಿ ಅದನ್ನು ಮೊದಲೇ ತಿಳಿಯಬಹುದಿತ್ತು. ‘ವ್ಯತ್ಯಾಸ ಸ್ಪಷ್ಟವಾಗಿದೆ’ ಎಂಬ ಸಾಲನ್ನು ಹೊಡೆದುಹಾಕಿದೆ. ಅಂದಿನಿಂದ ಎರಡು ನಿಯಮ ಇಟ್ಟುಕೊಂಡೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಾವಣೆಯ ಮುನ್ನಿನ ಸ್ಥಿತಿಯ ಒಂದು ಕೀಲಿಯಾದರೂ ಮಣೆಯ ಮೇಲೆ ಉಳಿದಿರಬೇಕು. ಕಿವಿಗೆ ನೆನಪಿನ ಶಕ್ತಿ ಬಹಳ ಕಡಿಮೆ. ನಿನ್ನೆಯ ಸದ್ದಿಗೆ ಇಂದಿನ ಸದ್ದನ್ನು ಹೋಲಿಸುತ್ತೇನೆಂದು ಹೊರಟರೆ, ನಿನ್ನೆಯದನ್ನು ನಮಗೆ ಬೇಕಾದ ಹಾಗೆ ಕಲ್ಪಿಸಿಕೊಂಡುಬಿಡುತ್ತೇವೆ.

ರೆಕಾರ್ಡಿಂಗ್ ಮಾಡಿ ಹೋಲಿಸಿದರಾಯಿತು ಎಂದೂ ಅನ್ನಿಸಿತ್ತು. ಫೋನನ್ನು ಕೀಲಿಮಣೆಯಿಂದ 30 ಸೆಂಟಿಮೀಟರ್ ದೂರದಲ್ಲಿಟ್ಟು ಬರಿಯ ಮೇಜಿನ ಮೇಲೊಮ್ಮೆ, ಮಡಚಿದ ಟವೆಲ್ಲಿನ ಮೇಲೊಮ್ಮೆ ಒಂದೇ ವಾಕ್ಯವನ್ನು ಟೈಪಿಸಿದೆ. ಕೇಳಿದರೆ ಎರಡು ಬೇರೆ ಕೀಲಿಮಣೆಗಳು! ಮೇಲಾಗಿ ಫೋನು ಸಣ್ಣ ಸದ್ದನ್ನು ತಾನಾಗಿಯೇ ಹಿಗ್ಗಿಸಿ ದೊಡ್ಡ ಸದ್ದನ್ನು ಕುಗ್ಗಿಸುವುದರಿಂದ, ಯಾವುದು ಜೋರು ಯಾವುದು ಮೆಲ್ಲಗೆ ಎಂಬುದೂ ಅದರಲ್ಲಿ ಉಳಿಯುವುದಿಲ್ಲ. ಸುಂದರವಾದ ಟೈಪಿಂಗ್ ವಿಡಿಯೋ ನೋಡಿ ಸ್ವಿಚ್ಚು ಆರಿಸುವವರು ಅರ್ಧ ಪಾಲು ಆ ಮೇಜನ್ನೂ ಮೈಕನ್ನೂ ಆರಿಸುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಗಲಗಲ. ಅಗಲದ ಕೀಲಿಗಳ ಅಂಚನ್ನು ಒತ್ತಿದರೂ ಅವು ವಾಲದೆ ಸಮವಾಗಿ ಇಳಿಯಲೆಂದು ಅವುಗಳ ಅಡಿಯಲ್ಲಿ ಸ್ಟೆಬಿಲೈಸರ್ ಎಂಬ ವ್ಯವಸ್ಥೆ ಇರುತ್ತದೆ: ಎರಡು ಪುಟ್ಟ ಗೂಡುಗಳು, ಅವುಗಳಲ್ಲಿ ಜಾರುವ ಎರಡು ಸ್ಟೆಮ್ಮುಗಳು, ಎರಡನ್ನೂ ಬೆಸೆಯುವ ಒಂದು ಉಕ್ಕಿನ ತಂತಿ. ನನ್ನ ಮಣೆಯಲ್ಲಿ ಬ್ಯಾಕ್‌ಸ್ಪೇಸ್, ಎಂಟರ್, ಎಡಗಡೆಯ ಶಿಫ್ಟ್, ಸ್ಪೇಸ್ ಬಾರ್, ಹೀಗೆ ನಾಲ್ಕು. ಸುಮಾರು 12 ಸೆಂಟಿಮೀಟರ್ ಉದ್ದದ ಸ್ಪೇಸ್ ಬಾರಿನ ತಂತಿಯನ್ನು ಹೊರತೆಗೆದು ಕಿಟಕಿಯ ಗಾಜಿನ ತುಂಡೊಂದರ ಮೇಲೆ ಮಲಗಿಸಿದೆ. ಒಂದು ತುದಿಯನ್ನು ಬೆರಳಿಂದ ಒತ್ತಿದರೆ ಇನ್ನೊಂದು ತುದಿ ಗಾಜಿನಿಂದ ಒಂದು ಕಾಗದದ ದಪ್ಪದಷ್ಟು ಮೇಲೇಳುತ್ತಿತ್ತು, ಬಿಟ್ಟರೆ ‘ಟಿಣ್’ ಎಂದು ಕೂರುತ್ತಿತ್ತು. ಎಂಟರ್ ಕೀಲಿಯಲ್ಲಿ ಕೇಳಿ, ಸ್ಪ್ರಿಂಗಿನದೆಂದು ತಿಳಿದು, ಎಣ್ಣೆ ಕುಡಿಸಿದರೂ ಹೋಗದಿದ್ದ ಟಿಣ್ ಕೂಡ ಇದೇ ಎಂದು ಆಗ ಹೊಳೆಯಿತು. ತಂತಿಯನ್ನು ಎರಡು ಇಕ್ಕಳಗಳ ನಡುವೆ ಹಿಡಿದು ತಿರುಚುವುದು, ಗಾಜಿನ ಮೇಲಿಡುವುದು, ಮತ್ತೆ ತಿರುಚುವುದು. ಒಂದು ಕೂದಲೆಳೆ ಹೆಚ್ಚಾದರೆ ಅದು ಎದುರು ದಿಕ್ಕಿಗೆ ವಾಲುತ್ತದೆ. ಸ್ಪೇಸ್ ಬಾರಿನ ಒಂದು ತಂತಿಗೆ ನನಗೆ 40 ನಿಮಿಷ ಹಿಡಿಯಿತು. ಬಳಿಕ ತಂತಿಯ ತುದಿಗಳಿಗೆ ದಪ್ಪ ಡೈಎಲೆಕ್ಟ್ರಿಕ್ ಗ್ರೀಸನ್ನು ಇಲ್ಲಿ ಮಾತ್ರ ಧಾರಾಳವಾಗಿ ತುಂಬಿದೆ, ಸ್ಟೆಮ್ಮುಗಳ ಬದಿಗೆ ತೆಳುವಾಗಿ ಸವರಿದೆ.

ಇದರಿಂದಾದ ಬದಲಾವಣೆಗೆ ಕಣ್ಣು ಕಟ್ಟಿಕೊಂಡು ಪರೀಕ್ಷಿಸುವ ಅಗತ್ಯವೇ ಬೀಳಲಿಲ್ಲ, ಪಕ್ಕದ ಕೋಣೆಯಲ್ಲಿದ್ದ ತಂಗಿಯೇ “ಈಗೇನು ಮಾಡಿದೆ?” ಎಂದು ಕೇಳಿದಳು. 68 ಸ್ವಿಚ್ಚುಗಳಿಗೆ ಎರಡು ಸಂಜೆ ಸುರಿದದ್ದಕ್ಕಿಂತ ನಾಲ್ಕು ತಂತಿಗಳಿಗೆ ಒಂದು ಮಧ್ಯಾಹ್ನ ಕೊಟ್ಟದ್ದು ಹೆಚ್ಚು ಫಲ ಕೊಟ್ಟಿತು. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಸ್ವಿಚ್ಚುಗಳ ಹೆಸರುಗಳಲ್ಲಿ ಮುಳುಗುವ ಮೊದಲು ಸ್ಪೇಸ್ ಬಾರನ್ನು ಸರಿಮಾಡಿಕೊಳ್ಳುವುದು ಲೇಸು.

ಪೊಳ್ಳು ಮೊಳಗಿನ ವಿಷಯ ಬೇಗ ಮುಗಿಯಿತು. ಪಿಸಿಬಿಯ ಬೆನ್ನಿಗೆ ಗೋಡೆಗೆ ಬಣ್ಣ ಬಳಿಯುವವರ ಕಾಗದದ ಟೇಪನ್ನು ಎರಡು ಪದರ ಅಂಟಿಸಿದಾಗ ಡಬ್ಬಿಯ ಸದ್ದು ತಗ್ಗಿತು. ಮೂರನೆಯ ಪದರದಿಂದ ನನಗೆ ಏನೂ ಹೆಚ್ಚು ಕೇಳಿಸಲಿಲ್ಲ. ಸ್ವಿಚ್ಚಿಗೂ ಪಿಸಿಬಿಗೂ ನಡುವೆ ತೆಳು ಫೋಮ್ ಹಾಳೆ ಹಾಸಿಯೂ ನೋಡಿದೆ. ಸದ್ದೇನೋ ಚೆನ್ನಾಗಿತ್ತು, ಆದರೆ ಯಾವ ಸ್ವಿಚ್ಚು ಹಾಕಿದರೂ ಅದೇ ಸದ್ದು ಬರತೊಡಗಿದ್ದರಿಂದ ಕಿತ್ತುಹಾಕಿದೆ.

ನಿಜವಾದ ತೊಡಕು ಎದುರಾದದ್ದು ಕೀಕ್ಯಾಪುಗಳಿಂದ, ಅಂದರೆ ಸ್ವಿಚ್ಚುಗಳ ಮೇಲೆ ಕೂರುವ, ಬೆರಳು ತಾಗುವ ಟೋಪಿಗಳಿಂದ. ಮಣೆಯ ಜೊತೆ ಬಂದಿದ್ದವು ತೆಳುವಾದ ಎಬಿಎಸ್ ಪ್ಲಾಸ್ಟಿಕ್ಕಿನವು. ಬೆರಳು ತಾಗುವ ಜಾಗ ಆಗಲೇ ನುಣುಪಾಗಿ ಹೊಳೆಯತೊಡಗಿತ್ತು. ಅವನ್ನು ತೆಗೆದು, ಚೆರ್ರಿ ಪ್ರೊಫೈಲ್ ಎಂಬ ತಗ್ಗು ಆಕಾರದ, ದಪ್ಪ ಗೋಡೆಯ, ಪಿಬಿಟಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಕ್ಯಾಪುಗಳನ್ನು ಹಾಕಿದೆ. ಸದ್ದು ಒಮ್ಮೆಲೇ ಟಕ್‌ನಿಂದ ಟೊಕ್‌ಗೆ ಇಳಿಯಿತು. ಎರಡು ದಿನ ಸಂತೋಷದಲ್ಲಿ ಕಳೆದೆ. ಮೂರನೆಯ ದಿನ ಒಂದು ಉದ್ದದ ಬರಹವನ್ನು ಟೈಪಿಸುತ್ತಿದ್ದಾಗ ಟೊಕ್ ಟೊಕ್‌ಗಳ ನಡುವೆ ಒಂದು ಒಣ ‘ಟಿಕ್’ ಕೇಳಿಸಿತು. ನಾನು ಬಳಸುವ ಕನ್ನಡ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸಬೇಕಾದಾಗಲೆಲ್ಲ ಎಫ್ ಕೀಲಿಯನ್ನು ಒತ್ತಬೇಕು. ಕನ್ನಡದಲ್ಲಿ ಒತ್ತಿಲ್ಲದ ವಾಕ್ಯವೆಲ್ಲಿದೆ? ಪದಪದಕ್ಕೂ ಟಿಕ್. ಇಂಗ್ಲಿಷ್ ಬರೆಯುತ್ತಿದ್ದಿದ್ದರೆ ತಿಂಗಳುಗಟ್ಟಲೆ ಗಮನಕ್ಕೆ ಬರುತ್ತಿರಲಿಲ್ಲವೋ ಏನೋ.

ಎಫ್ ಸ್ವಿಚ್ಚನ್ನು ಬದಲಿಸಿದೆ, ಹೋಗಲಿಲ್ಲ. ಗ್ರೀಸು ಒಣಗಿತೇ ಎಂದು ಬಿಚ್ಚಿ ನೋಡಿದೆ, ಒಣಗಿರಲಿಲ್ಲ. ಕೊನೆಗೆ ನಿಯಮ ನೆನಪಾಗಿ, ಬದಲಾದದ್ದು ಕ್ಯಾಪು ತಾನೇ ಎಂದು ಅದನ್ನು ಕಿತ್ತು ಬರಿಯ ಸ್ಟೆಮ್ಮನ್ನು ಬೆರಳ ತುದಿಯಿಂದ ಒತ್ತಿದರೆ ಟಿಕ್ ಮಾಯ. ಹಾಗೆಯೇ ಒಂದೊಂದನ್ನೂ ಒತ್ತುತ್ತ ಹೋದಾಗ ಅದು ಎಫ್ ಒಂದರದ್ದೇ ಅಲ್ಲ, ಬೆರಳುಗಳು ನೆಲೆಸುವ ನಡುಸಾಲಿನ ಅಕ್ಷರಗಳೆಲ್ಲದರದ್ದೂ ಎಂದು ಗೊತ್ತಾಯಿತು. ಸ್ವಿಚ್ಚಿನ ಮುಚ್ಚಳದ ಮೇಲಂಚಿಗೆ ವೈಟ್‌ಬೋರ್ಡ್ ಮಾರ್ಕರಿನ ಮಸಿ ಬಳಿದು, ಅದು ಆರುವ ಮೊದಲೇ ಕ್ಯಾಪು ಕೂರಿಸಿ ಜೋರಾಗಿ ಒಮ್ಮೆ ಒತ್ತಿ ತೆಗೆದೆ. ಕ್ಯಾಪಿನ ಒಳಗೋಡೆಯಲ್ಲಿ, ದೂರದ ಬದಿಯಲ್ಲಿ, ಉಗುರಿನ ಅಂಚಿನಷ್ಟು ಉದ್ದದ ಕಪ್ಪು ಗೀಟು ಮೂಡಿತ್ತು. ನನ್ನ ಪಿಸಿಬಿಯಲ್ಲಿ ಸ್ವಿಚ್ಚಿನ ಬೆಳಕಿನ ಕಿಂಡಿ (ಎಲ್‌ಇಡಿ ದೀಪದ ಬೆಳಕು ಹಾಯುವ ಜಾಗ) ಬಳಕೆದಾರನಿಂದ ಆಚೆಗೆ, ಅಂದರೆ ಮೇಲ್ಮುಖವಾಗಿದೆ. ಹೀಗೆ ತಿರುಗಿಸಿ ಕೂರಿಸಿದ ಸ್ವಿಚ್ಚುಗಳ ಮುಚ್ಚಳಕ್ಕೆ ಚೆರ್ರಿ ಪ್ರೊಫೈಲಿನ ನಡುಸಾಲಿನ ಕ್ಯಾಪುಗಳು ತಳ ಮುಟ್ಟುವ ಮೊದಲೇ ತಾಗುತ್ತವೆ. ಕೀಲಿಮಣೆ ಕೊಳ್ಳುವಾಗ ನಾನು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ ಇದು ಮುಖ್ಯವಾದದ್ದು.

ಕ್ಯಾಪುಗಳನ್ನು ಬಿಡಲು ಮನಸ್ಸಾಗಲಿಲ್ಲ. ಉಳಿದ ದಾರಿ ಲಾಂಗ್‌ಪೋಲ್ ಸ್ವಿಚ್ಚುಗಳದ್ದು. ಇವುಗಳ ಸ್ಟೆಮ್ಮಿನ ನಡುಗಂಬ ಉದ್ದವಿರುವುದರಿಂದ ಚಲನೆ ಸುಮಾರು 3.5 ಮಿಲಿಮೀಟರಿಗೇ ಮುಗಿಯುತ್ತದೆ. ಕ್ಯಾಪು ಮುಚ್ಚಳಕ್ಕೆ ತಾಗುವಷ್ಟು ಕೆಳಗೆ ಇಳಿಯುವುದೇ ಇಲ್ಲ. ನಡುಸಾಲಿಗೆ ಮಾತ್ರ ಹಾಕಿ ನೋಡಿದೆ. ಟಿಕ್ ಹೋಯಿತು, ಆದರೆ ಆ ಒಂದು ಸಾಲು ಚುರುಕಾಗಿ, ಎತ್ತರದ ದನಿಯಲ್ಲಿ ಬೇರೆಯೇ ಭಾಷೆ ಮಾತಾಡತೊಡಗಿತು. ಅನಿವಾರ್ಯವಾಗಿ 68ನ್ನೂ ಬದಲಿಸಿದೆ, ಅಂದರೆ ಮತ್ತೆ ಕುಂಚ, ಮತ್ತೆ ಗ್ರೀಸು, ಮತ್ತೆ ಎರಡು ಸಂಜೆ. ಆತುರದಲ್ಲಿ ಒಂದು ಸ್ವಿಚ್ಚಿನ ತಳದ ಲೋಹದ ಕಾಲು ಮಡಚಿಕೊಂಡು ಝಡ್ ಅಕ್ಷರ ಮೂಡದೇ ಹೋಯಿತು. ಚಿಮ್ಮಟದಿಂದ ನೆಟ್ಟಗೆ ಮಾಡಿದ ಮೇಲೆ ಸರಿಹೋಯಿತು.

ಹೊಸ ಸ್ವಿಚ್ಚು ಹಳೆಯದಕ್ಕಿಂತ ಭಾರವೆನಿಸಿದ್ದರಿಂದ ಅಳೆಯಬೇಕೆನ್ನಿಸಿತು. ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಕೀಲಿಮಣೆಯನ್ನೇ ಇಟ್ಟು, ತೂಕವನ್ನು ಸೊನ್ನೆ ಮಾಡಿ, ಕೇಬಲ್ ಎಳೆದು ಅಂಕಿ ಏರುಪೇರಾಗದಂತೆ ಅದನ್ನು ಮೇಜಿಗೆ ಅಂಟಿಸಿ, ಒಂದು ಪೆನ್ನಿನ ಹಿಂಬದಿಯಿಂದ ಕೀಲಿಯನ್ನು ನಾನು ನಿಧಾನವಾಗಿ ಒತ್ತುತ್ತ ಹೋದಂತೆ, ಪರದೆಯ ಮೇಲೆ ಅಕ್ಷರ ಮೂಡಿದ ಕ್ಷಣದ ಅಂಕಿಯನ್ನು ತಂಗಿ ಬರೆದುಕೊಂಡಳು. ಎರಡೂ ಸ್ವಿಚ್ಚುಗಳ ಮೇಲೆ ತಯಾರಕರು ಹೇಳುವುದು 45 ಸೆಂಟಿನ್ಯೂಟನ್, ಅಂದರೆ ಹೆಚ್ಚುಕಡಿಮೆ 46 ಗ್ರಾಂ. ನಮಗೆ ಸಿಕ್ಕ ಅಂಕಿಗಳು ಎರಡಕ್ಕೂ 43ರಿಂದ 50ರ ನಡುವೆ ಓಲಾಡಿದವು. ನನ್ನ ಕೈ ನಡುಕವೇ ಅದರಲ್ಲಿ ಹೆಚ್ಚಿರಬೇಕು. ಭಾರವೆನಿಸಿದ್ದು ಸ್ಪ್ರಿಂಗಿನಿಂದಲ್ಲ, ಗಿಡ್ಡ ದಾರಿಯ ಕೊನೆಯಲ್ಲಿ ಬೆರಳು ಎಣಿಸಿದ್ದಕ್ಕಿಂತ ಮೊದಲೇ ತಳಕ್ಕೆ ಬಡಿಯುತ್ತಿದ್ದುದರಿಂದ. ಒಂದು ವಾರದಲ್ಲಿ ಬೆರಳು ಮೆದುವಾಗಿ ಒತ್ತಲು ಕಲಿತ ಮೇಲೆ ಆ ಭಾರವೂ ಹೋಯಿತು.

ಕೀಲಿಮಣೆಯೊಳಗೇ ಓಡುವ ತಂತ್ರಾಂಶವಾದ ಫರ್ಮ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಲ್ಲಿ ಕ್ಯಾಪ್ಸ್ ಲಾಕನ್ನು ತಟ್ಟಿದರೆ ಎಸ್ಕೇಪ್, ಹಿಡಿದರೆ ಕಂಟ್ರೋಲ್ ಆಗುವಂತೆ ಮಾಡಿಕೊಂಡೆ. ತಟ್ಟಿದ್ದೋ ಹಿಡಿದದ್ದೋ ಎಂದು ನಿರ್ಧರಿಸುವ ಅವಧಿ ಅದರಲ್ಲಿ ಮೂಲತಃ 200 ಮಿಲಿಸೆಕೆಂಡ್ ಇರುತ್ತದೆ, ನನ್ನ ಬೆರಳಿಗೆ 170 ಒಗ್ಗಿತು. ಐದು ತಿಂಗಳ ಕೆಲಸದಲ್ಲಿ ದಿನವೂ ನಿಜವಾಗಿ ಸಮಯ ಉಳಿಸುತ್ತಿರುವುದು ಸದ್ದೇ ಇಲ್ಲದ ಈ ಒಂದು ಬದಲಾವಣೆ ಎಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಎರಡನೆಯ ಸಲ ಲ್ಯೂಬ್ ಮಾಡುವಾಗ 67ಕ್ಕೆ ನಿಲ್ಲಿಸಿದೆ. ಬಲತುದಿಯ ಪೇಜ್ ಡೌನ್ ಕೀಲಿಯಲ್ಲಿ ಕಾರ್ಖಾನೆಯಿಂದ ಬಂದ ಸ್ವಿಚ್ಚು ಬಂದ ಹಾಗೆಯೇ ಇದೆ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ‘ಸರಸರ, ಸಣ್ಣ ಟಿಣ್’ ಎಂದು ಬರೆದಿದ್ದೇನೆ. ಮಣೆಯ ಸದ್ದು ಈಚೆಗೆ ಏಕೋ ಮಂಕಾಗಿದೆ ಎಂದು ಅನುಮಾನ ಬಂದ ದಿನ ಅದನ್ನೊಮ್ಮೆ, ಅದರ ಮೇಲಿರುವ ಪೇಜ್ ಅಪ್‌ನ್ನೊಮ್ಮೆ ಒತ್ತಿ ನೋಡುತ್ತೇನೆ. ಮೊನ್ನೆಯೂ ಒತ್ತಿದೆ. ಸರಸರ ಸರಸರವಾಗಿಯೇ ಇತ್ತು, ಟೊಕ್ ಟೊಕ್ ಆಗಿಯೇ ಇತ್ತು. ಮೇಜಿನ ಮೇಲೆ ಹೊಸದಾಗಿ ಹಾಸಿದ್ದ ದಪ್ಪ ಬಟ್ಟೆಯನ್ನು ತೆಗೆದಿಟ್ಟು ಕೆಲಸಕ್ಕೆ ಕುಳಿತೆ.